ನೋಡಿ ಮಾಡಿದ ಬಿಲ್ಲು

ಸಾಣೆಯವ ಕಿಡಿ ಮಸೆದುಕೊಟ್ಟ ಕತ್ತಿಯಲ್ಲಿ ಕೊಯ್ಸಿಕೊಂಡ ಆಡೊಂದು, ತನ್ನನ್ನು ಕೊಯ್ದದ್ದೇ ಗೊತ್ತಾಗದೆ ನಾಲ್ಕು ಹೆಜ್ಜೆ ನಡೆದು ಹೋಯಿತಂತೆ. ಹಿಂದಿನಿಂದ ಯಾರೋ ಕರೆದರೆಂದು ತಿರುಗಿ ನೋಡಿದಾಗಷ್ಟೇ ತಲೆ ಉರುಳಿತು. ನಂಬಿಕೆಯಿಲ್ಲದವರು ಮಾಂಸದಂಗಡಿ ಸಾಲಿಗೆ ಹೋಗಿ ವಿಚಾರಿಸಬಹುದು. ಅಲ್ಲಿ ಹೆಜ್ಜೆ ನಾಲ್ಕೋ ಆರೋ ಎಂಬುದರ ಬಗ್ಗೆ ಮಾತ್ರ ಜಗಳವಿದೆ. ದರ್ಜಿಯೊಬ್ಬ ಅವನಲ್ಲಿ ಕತ್ತರಿ ಮಸೆಸಿಕೊಂಡು ಹೋಗಿ, ಬಟ್ಟೆಯ ಜೊತೆಗೆ ಮೇಜನ್ನೂ ಮೇಜಿನ ಜೊತೆಗೆ ಅದರ ನೆರಳನ್ನೂ ಕತ್ತರಿಸಿಬಿಟ್ಟ. ಅರ್ಧ ನೆರಳಿನ ಆ ಮೇಜನ್ನು ಗುಜರಿಯವನೂ ಮುಟ್ಟಲಿಲ್ಲ.

ಅವನಿಗೆ ಕಿಡಿ ಎಂದು ಹೆಸರು ಬಿದ್ದದ್ದು ಕಲ್ಲಿನಿಂದ ಹಾರುವ ಕಿಡಿಗಳಿಂದಲ್ಲ. ಕೋಪ ಅವನ ಮೂಗಿನ ತುದಿಯಲ್ಲೇ ಸಂಸಾರ ಹೂಡಿತ್ತು. ಒಮ್ಮೆ ಸೀನಿದಾಗ ಎದುರಿಗಿದ್ದವನ ಗಡ್ಡ ಹೊತ್ತಿಕೊಂಡಿತ್ತು ಎನ್ನುತ್ತಾರೆ. ಅದೊಂದು ಸುಳ್ಳಿರಬಹುದು, ಗಡ್ಡವಲ್ಲ, ಬರೀ ಮೀಸೆ.

ಇಂಥವನ ಜೀವವೆಲ್ಲ ಇದ್ದದ್ದು ಒಂದು ಕಲ್ಲಿನಲ್ಲಿ ಮತ್ತು ಒಂದು ಬೈಕಿನಲ್ಲಿ. ಕಲ್ಲು ಮಾವ ಕೊಟ್ಟದ್ದು. ಮಾವನೂ ಸಾಣೆ ಹಿಡಿಯುವವನೇ, ಮಗಳನ್ನು ಧಾರೆಯೆರೆಯುವಾಗ ಚಿನ್ನ ಹಾಕಲು ಗತಿಯಿಲ್ಲದೆ ತನ್ನ ಸಾಣೆಕಲ್ಲನ್ನು ಅಳಿಯನ ಮಡಿಲಿಗಿಟ್ಟು, ಜೊತೆಗೆ ಒಂದು ಮಾತನ್ನೂ ಇಟ್ಟಿದ್ದ: "ಹರಿತ ಅಂದ್ರೆ ದಯೆ ಕಣಪ್ಪ. ಮೊಂಡು ಅಂದ್ರೆ ಕೊಲೆ." ಹೆಂಡತಿ ಗಟ್ಟಿಯೋ ಕಲ್ಲು ಗಟ್ಟಿಯೋ ಎಂಬುದು ಹದಿನಾರು ವರ್ಷವಾದರೂ ಕಿಡಿಗೆ ತೀರ್ಮಾನವಾಗಿರಲಿಲ್ಲ. ಬೈಕಿನ ಹಿಂದಿನ ಗಾಲಿಯ ಪಕ್ಕಕ್ಕೆ ಅವನು ತಟ್ಟೆಯಗಲದ ಒಂದು ಕಬ್ಬಿಣದ ಪುಲ್ಲಿಯನ್ನು ಬೆಸುಗೆ ಹಾಕಿಸಿಕೊಂಡಿದ್ದ. ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಎಳೆದು, ಪುಲ್ಲಿಯಿಂದ ಕಲ್ಲಿಗೆ ತೊಗಲಿನ ಪಟ್ಟಿ ಬಿಗಿದು, ಇಂಜಿನ್ ಶುರು ಮಾಡಿ ಗೇರು ಹಾಕಿದರೆ ಹಿಂದಿನ ಗಾಲಿ ನಿಂತಲ್ಲೇ ತಿರುಗುತ್ತಿತ್ತು, ಅದರ ಜೊತೆ ಕಲ್ಲೂ ತಿರುಗುತ್ತಿತ್ತು. ಸಂಜೆ ಕಲ್ಲು, ಕಲ್ಲಿನ ಸ್ಟ್ಯಾಂಡು, ಪಟ್ಟಿ ಮನೆಗೆ. ಪುಲ್ಲಿ ಮಾತ್ರ ಗಾಲಿಯಲ್ಲೇ. ಬೀದಿ ಬೀದಿಗೂ ಹೋಗಿ ಹೀಗೆ ಬೈಕಿನಲ್ಲೇ ಕತ್ತಿ ಮಸೆಯುವವನು ಏಳು ಲೋಕದಲ್ಲಿ ತಾನೊಬ್ಬನೇ ಎಂದು ಅವನ ನಂಬಿಕೆ. ಆದ್ದರಿಂದ ತಾನು ಯಾರೆಂದು ಯಾರಿಗೂ ಹೇಳುವ ಅಗತ್ಯವಿಲ್ಲ ಎಂಬುದೂ ಅವನ ನಂಬಿಕೆ. ಎಲ್ಲ ಕೆಟ್ಟದ್ದು ಈ ಎರಡನೆಯ ನಂಬಿಕೆಯಿಂದ.

ಆ ಸೋಮವಾರ ಬೈಕು ಟಕ್ ಟಕ್ ಎನ್ನಲು ಶುರುಮಾಡಿತು. ಬೇರೆ ವಾರವಾಗಿದ್ದರೆ ಕಿಡಿ ಕಿವಿಗೆ ಹತ್ತಿ ಇಟ್ಟುಕೊಂಡು ತಿರುಗುತ್ತಿದ್ದ. ಆದರೆ ಮನೆಯ ಮೂಲೆಯಲ್ಲಿ ಒಂದು ಗೋಣಿಚೀಲವಿತ್ತು, ಅದರಲ್ಲಿ ನಲವತ್ತೆರಡು ಮೊಂಡು ಕತ್ತಿಗಳಿದ್ದವು. ಮಾಂಸದಂಗಡಿ ಸಾಲಿನ ಒಡತಿ ಕೊಟ್ಟವು ಅವು. ಆಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಹೆತ್ತ ತಾಯಿ ಕೂಡ. ಇಡೀ ಕುರಿಯನ್ನು ಒಂದೇ ಕೈಯಲ್ಲಿ ಎತ್ತಿ ಕೊಕ್ಕೆಗೆ ನೇತುಹಾಕಿ, ಇನ್ನೊಂದು ಕೈಯಲ್ಲಿ ಚಿಲ್ಲರೆ ಎಣಿಸಿಕೊಡುವ ಹೆಂಗಸು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಮೂರು ಲಾರಿ ಕುರಿ ಬರುತ್ತವೆ, ಹತ್ತಕ್ಕೆ ಕತ್ತಿ ಬೇಕು, ಹತ್ತು ಅಂದರೆ ಹತ್ತು ಎಂದು ಆಕೆ ಹೇಳಿದ್ದಳು. ಕರೆಂಟಿನ ಸಾಣೆ ಮೆಷಿನ್ ಮಾರುವವನೊಬ್ಬ ಎರಡು ದಿನದಿಂದ ಅವಳ ಅಂಗಡಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಕಿಡಿ ತಡ ಮಾಡಿದರೆ ಅವನ ಮೆಷಿನ್ನು ಸಾಲಿಗೆ ಬರುತ್ತದೆ. ಸಾಲು ಹೋದರೆ ಕಿಡಿಯ ಮನೆಯಲ್ಲಿ ಮುಕ್ಕಾಲು ಒಲೆ ಆರಿದ ಹಾಗೆ.

ಗಾಡಿ ತಳ್ಳಿಕೊಂಡು ಅವನು ಗ್ಯಾರೇಜಿಗೆ ಹೋದ. ಅಲ್ಲಿದ್ದ ಹಳೆಯ ಮೇಸ್ತ್ರಿ ಗ್ಯಾರೇಜು ಮಾರಿ ಮಗಳ ಮನೆ ಸೇರಿ ಎರಡು ತಿಂಗಳಾಗಿತ್ತು. ಹೊಸ ಮೇಸ್ತ್ರಿ ಡಾಕ್ಟರರ ಹಾಗೆ ಬಿಳಿ ಕೋಟು ತೊಟ್ಟು, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ, ಕಣ್ಣು ಮುಚ್ಚಿ ಆಲಿಸುವವನು. ಇಂಜಿನ್ನಿನ ಕೆಮ್ಮು ಕೇಳಿ ಅದರ ತಾತನ ಕಾಯಿಲೆಯನ್ನೂ ಹೇಳುತ್ತಿದ್ದ. ನಾನೂರು, ಹೆಚ್ಚೆಂದರೆ ಐನೂರು ಆಗಬಹುದು, ಬುಧವಾರ ಸಂಜೆ ಬನ್ನಿ ಎಂದ.

ಹೊರಡುವಾಗ ಕಿಡಿ, ಅಂಗಡಿ ಬಾಗಿಲು ದಾಟುವ ಪ್ರತಿಯೊಬ್ಬನೂ ಹೇಳುವ ಮಾತನ್ನು ಹೇಳಿದ. "ನೋಡಿ ಮಾಡಿ, ಮೇಸ್ತ್ರಿ."

"ನೋಡೇ ಮಾಡ್ತೀನಿ," ಎಂದ ಮೇಸ್ತ್ರಿ.

ಕಿಡಿ ಹೇಳಿದ್ದು ನನ್ನ ಮುಖ ನೋಡಿ ಒಂದಿಷ್ಟು ಕಡಿಮೆ ಮಾಡಿ ಅಂತ. ಮೇಸ್ತ್ರಿ ಕೇಳಿಸಿಕೊಂಡದ್ದು ಗಾಡಿಯನ್ನು ಪೂರ್ತಿ ನೋಡಿ, ಕಂಡದ್ದನ್ನೆಲ್ಲ ಮಾಡಿ ಅಂತ. ಎರಡು ಅಕ್ಷರ ಆಚೆ ಎರಡು ಅಕ್ಷರ ಈಚೆ ಇರುವ ಇಷ್ಟು ಸಣ್ಣ ಮಾತಿನಿಂದ ಇಷ್ಟು ರಕ್ತ ಹರಿದದ್ದು ಭೂಮಿ ಹುಟ್ಟಿದ ಮೇಲೆ ಅದೇ ಮೊದಲು.

ಬುಧವಾರ ಸಂಜೆ ಹೋದರೆ ಗುರುವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂಬ ಉತ್ತರ. ಎಂಟಕ್ಕೆ ಗಾಡಿ ಸಿಕ್ಕರೂ ಮನೆಗೆ ಹೋಗಿ ಮಸೆದು ಬರಲು ಹೊತ್ತಿಲ್ಲ. ಹಾಗಾಗಿ ಕಿಡಿ ಮತ್ತು ಅವನ ಹೆಂಡತಿ ಗುರುವಾರ ಬೆಳಿಗ್ಗೆ ಕಲ್ಲು, ಸ್ಟ್ಯಾಂಡು, ಪಟ್ಟಿ, ಕತ್ತಿಯ ಚೀಲ ಎಲ್ಲವನ್ನೂ ತಳ್ಳುಗಾಡಿಗೆ ಹೇರಿ ನೇರ ಗ್ಯಾರೇಜಿಗೇ ತಂದರು. ಅಲ್ಲೇ ಮಸೆದು, ಅಲ್ಲಿಂದ ಎರಡು ಬೀದಿ ಆಚೆಗಿನ ಸಾಲಿಗೆ ಒಯ್ಯುವುದೆಂದು ಲೆಕ್ಕ.

ಬೈಕು ಮದುಮಗನ ಹಾಗೆ ನಿಂತಿತ್ತು. ಕನ್ನಡಿಗಳು ಎರಡು, ಹೊಸ ಸೀಟು, ಸೈಲೆನ್ಸರಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಾಗಿತ್ತು. ಮೇಸ್ತ್ರಿ ಕಿಕ್ ಹೊಡೆದ. ಹದಿನಾರು ವರ್ಷ ಗೊರಕೆ ಹೊಡೆದ ಇಂಜಿನ್ನು ಹುಲಿಯ ಹಾಗೆ ಗುಡುಗಿತು. ಕಿಡಿಗೆ ಒಂದು ಕ್ಷಣ ಕಣ್ಣು ತುಂಬಿತು, ಅದು ನಿಜ. ಆಮೇಲೆ ಮೇಸ್ತ್ರಿ ಬಿಲ್ಲು ಕೊಟ್ಟ.

ಹಳೆ ಕಾಲದ ವೀರರು ಬಿಲ್ಲು ಹಿಡಿದಾಗ ಎದುರಾಳಿ ನಡುಗುತ್ತಿದ್ದನಂತೆ. ಈ ಬಿಲ್ಲನ್ನು ಹಿಡಿದವನೇ ನಡುಗಿದ. ಮೊಳದುದ್ದದ ಕಾಗದ, ಹತ್ತೊಂಬತ್ತು ಸಾಲು, ಒಂದೊಂದು ಸಾಲೂ ಒಂದೊಂದು ಬಾಣ. ಕಲ್ಲಿನ ಕಿಡಿಗಳು ಹಾರಿ ಹಾರಿ ಅವನ ಕಣ್ಣು ಮಂಜಾಗಿದ್ದರಿಂದ ಸಣ್ಣಕ್ಷರ ಓದುವ ಕೆಲಸ ಹೆಂಡತಿಯದು. ಅವಳು ಮೊದಲು ಕೆಳಗಿನ ಮೊತ್ತ ಓದಿದಳು: ಹನ್ನೊಂದು ಸಾವಿರದ ಆರುನೂರ ನಲವತ್ತು. ಗಾಡಿಯ ಜೊತೆ ಕಿಡಿಯನ್ನೂ ಸೇರಿಸಿ ಮಾರಿದ್ದರೂ ಆರು ಸಾವಿರ ಹುಟ್ಟುತ್ತಿರಲಿಲ್ಲ.

ಟಕ್ ಟಕ್‌ಗೆ ಹನ್ನೊಂದು ಸಾವಿರವೇ ಎಂದು ಕಿಡಿ ಕೇಳಿದ. ಮೇಸ್ತ್ರಿಗೆ ಬೇಸರವೇನೂ ಆಗಲಿಲ್ಲ. ಪಿಸ್ಟನ್ ನೋಡಿದೆ, ಸವೆದಿತ್ತು, ಮಾಡಿದೆ. ಚೈನು ನೋಡಿದೆ, ಜೋತಿತ್ತು, ಮಾಡಿದೆ. ಹಾರನ್ ನೋಡಿದೆ, ಕುರಿಯ ಹಾಗೆ ಅರಚುತ್ತಿತ್ತು, ಮಾಡಿದೆ. ನೀವೇ ಹೇಳಿದಿರಲ್ಲ, ನೋಡಿ ಮಾಡಿ ಅಂತ. ಒಂದು ನಟ್ಟನ್ನೂ ನೋಡದೆ ಮಾಡಿಲ್ಲ, ನೋಡಿದ್ದನ್ನು ಮಾಡದೆ ಬಿಟ್ಟಿಲ್ಲ ಎಂದು ಎದೆಯುಬ್ಬಿಸಿದ.

ಕಿಡಿಯ ಮೂಗಿನ ತುದಿ ಕೆಂಪಾಯಿತು. ನೋಡಿ ಮಾಡಿ ಅಂದರೆ ಏನೆಂದು ತೊಟ್ಟಿಲ ಕೂಸಿಗೂ ಗೊತ್ತು, ನೀನೇನು ಮರದಿಂದ ಉದುರಿದವನೇ ಎಂದ. ಮೇಸ್ತ್ರಿ, ನಾನು ಕೂಸಿನ ಹತ್ತಿರ ರಿಪೇರಿ ಕಲಿತಿಲ್ಲ ಎಂದ. ಇಷ್ಟಕ್ಕೇ ನಿಂತಿದ್ದರೆ ಬೈಗುಳದಲ್ಲಿ ಮುಗಿದು, ಅರ್ಧಕ್ಕೆ ರಾಜಿಯಾಗಿ, ಉಳಿದದ್ದು ಕಂತಿನಲ್ಲಿ ಹೋಗುತ್ತಿತ್ತೇನೋ. ಆದರೆ ಹೆಂಡತಿ ಓದುತ್ತಾ ಹದಿನೇಳನೆಯ ಸಾಲಿಗೆ ಬಂದು ನಿಂತುಬಿಟ್ಟಿದ್ದಳು.

"ರೀ," ಎಂದಳು. "ಇಲ್ಲಿ 'ಹಿಂದಿನ ಗಾಲಿಗೆ ಬೆಳೆದಿದ್ದ ಗಡ್ಡೆ ಕತ್ತರಿಸಿ ತೆಗೆದದ್ದು, ಆರುನೂರು' ಅಂತಿದೆ. ಯಾವ ಗಡ್ಡೆ?"

ಮೂವರೂ ಹಿಂದಿನ ಗಾಲಿ ನೋಡಿದರು. ಅದು ಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು. ಪುಲ್ಲಿ ಇರಲಿಲ್ಲ.

ಮೇಸ್ತ್ರಿಯ ಮುಖ ಬೆಳಗಿತು. ಈ ಆಪರೇಷನ್ ಬಗ್ಗೆಯೇ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವನು. ಯಾರೋ ಅಡ್ಡಕಸುಬಿ ನಿಮ್ಮ ಗಾಲಿಗೆ ದೊಡ್ಡ ಕಬ್ಬಿಣ ಬೆಸೆದು ಹಾಳುಮಾಡಿದ್ದ, ಕಂಪನಿಯವರು ಕೊಟ್ಟ ಗಾಡಿಯಲ್ಲಿ ಅಂಥದ್ದು ಇರುವುದಿಲ್ಲ, ಗ್ಯಾಸ್ ಕಟ್ಟರಿನಲ್ಲಿ ಎರಡು ಹೋಳು ಮಾಡಿ ತೆಗೆಯುವಷ್ಟರಲ್ಲಿ ಬೆವರು ಕಿತ್ತುಬಂತು ಎಂದು ವಿವರಿಸಿ, ಗುಜರಿ ಡಬ್ಬಿಯತ್ತ ಬೆರಳು ತೋರಿದ. ಡಬ್ಬಿಯ ಮೇಲೆ ಅರ್ಧಚಂದ್ರದ ಹಾಗೆ ಪುಲ್ಲಿಯ ಒಂದು ಹೋಳು ಮಲಗಿತ್ತು. ಹೊತ್ತು ಎಂಟು ಮುಕ್ಕಾಲು.

ಕಿಡಿ ಬಿಲ್ಲನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು, ಲಿಂಬೆಹಣ್ಣಿನಷ್ಟು ಉಂಡೆ ಮಾಡಿ, ಎಡಗೈಯಲ್ಲಿ ಮೇಸ್ತ್ರಿಯ ದವಡೆ ಹಿಡಿದು ಬಾಯೊಳಗೆ ತುರುಕಿ, ಬಲಗೈಯಲ್ಲಿ ಬಾಯಿ ಮುಚ್ಚುವ ಹಾಗೆ ಕೆಳಗಿನಿಂದ ಒಂದು ಗುದ್ದಿದ. ಹಲ್ಲಿಗೆ ಹಲ್ಲು ಬಡಿದ ಸದ್ದಿಗೆ ಮೂರು ಬೀದಿಯಾಚೆ ಮಲಗಿದ್ದ ನಾಯಿ ಎದ್ದು, ಯಾರೋ ಮೂಳೆ ಕಡಿಯುತ್ತಿದ್ದಾರೆಂದು ಜೊಲ್ಲು ಸುರಿಸಿತು. ಹತ್ತೊಂಬತ್ತು ಸಾಲೂ ಮೇಸ್ತ್ರಿಯ ಗಂಟಲಿನಲ್ಲಿ ಇಳಿದವು. ಜೊತೆಗೆ ಅವನದೇ ಒಂದು ಹಲ್ಲು.

ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಹೋಗಿ ಗೋಡೆಯನ್ನು ತಡವಿದ. ಕೈಗೆ ಸಿಕ್ಕಿದ್ದು ಗೋಡೆಯಲ್ಲಿದ್ದ ಸ್ಪ್ಯಾನರುಗಳಲ್ಲೆಲ್ಲ ದೊಡ್ಡದು, ಲಾರಿಯ ಗಾಲಿ ಬಿಚ್ಚುವಂಥದ್ದು. ಅದು ಬೀಸಿ ಬಂದು ಕಿಡಿಯ ಎಡಹೆಗಲ ಮೂಳೆಗೆ ಬಿತ್ತು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು, ಆ ಕೈ ಅಂದಿನ ಮಟ್ಟಿಗೆ ಅವನದಾಗಿ ಉಳಿಯಲಿಲ್ಲ. ಕಿಡಿ ನೋವಿನಲ್ಲಿ ಬಗ್ಗಿದವನು ಬಗ್ಗಿದಂತೆಯೇ ನುಗ್ಗಿ ಮೇಸ್ತ್ರಿಯ ಹೊಟ್ಟೆಗೆ ತಲೆ ಕೊಟ್ಟ. ಇಬ್ಬರೂ ಟೈರುಗಳ ರಾಶಿಗೆ ಬಿದ್ದರು, ಟೈರುಗಳು ಅವರ ಮೇಲೆ ಬಿದ್ದವು. ಕಪ್ಪು ಎಣ್ಣೆಯ ತೊಟ್ಟಿ ಮಗುಚಿ ನೆಲವೆಲ್ಲ ಹರಿಯಿತು. ಆ ಎಣ್ಣೆಯಲ್ಲಿ ನಿಂತು ಹೊಡೆದಾಡಲು ಮನುಷ್ಯರಿಂದ ಆಗದ ಕಾರಣ ಅವರು ಕೂತು ಹೊಡೆದಾಡಿದರು, ಕೂರಲಾಗದೆ ಮಲಗಿ ಹೊಡೆದಾಡಿದರು, ಹೊಡೆಯಲಾಗದೆ ಕಚ್ಚಿದರು. ಮೇಸ್ತ್ರಿ ಹಳೆಯ ಚೈನೊಂದನ್ನು ಮುಷ್ಟಿಗೆ ಸುತ್ತಿಕೊಂಡು ಕಿಡಿಯ ಮುಖಕ್ಕೆ ಎರಡು ಇಟ್ಟ. ಒಂದಕ್ಕೆ ಹುಬ್ಬು ಸೀಳಿತು, ಇನ್ನೊಂದಕ್ಕೆ ಮುಂದಿನ ಎರಡು ಹಲ್ಲು ಹೋದವು. ಕಿಡಿ ಅವನ ಹೆಬ್ಬೆರಳನ್ನು ಹಿಡಿದು ಹಿಂದಕ್ಕೆ, ಇನ್ನೂ ಹಿಂದಕ್ಕೆ, ಬೆರಳುಗಳು ಹೋಗಬಾರದಷ್ಟು ಹಿಂದಕ್ಕೆ ಬಗ್ಗಿಸಿದ.

ಹೆಂಡತಿ ಸುಮ್ಮನೆ ನಿಂತಿರಲಿಲ್ಲ. ತಳ್ಳುಗಾಡಿಯನ್ನು ಹಿಂದಕ್ಕೆ ಎಳೆದು, ಓಡಿ ಬಂದು ಮೇಸ್ತ್ರಿಯ ಸೊಂಟದತ್ತ ನೂಕಿದಳು. ಗುರಿ ಚೆನ್ನಾಗಿತ್ತು, ಆದರೆ ಎಣ್ಣೆಯಲ್ಲಿ ಗಾಡಿ ಜಾರಿ ಮೊದಲು ಗಂಡನ ಮಂಡಿಗೂ ಆಮೇಲೆ ಮೇಸ್ತ್ರಿಗೂ ಬಡಿಯಿತು. ಹದಿನಾರು ವರ್ಷದ ಸಂಸಾರದಲ್ಲಿ ಇಷ್ಟು ದಿನ ತಡೆದುಕೊಂಡಿದ್ದದ್ದೇನೋ ಆ ಪೆಟ್ಟಿನಲ್ಲಿ ಸೇರಿತ್ತೋ ಇಲ್ಲವೋ ಎಂಬುದನ್ನು ಕಿಡಿ ಆಮೇಲೆ ಬಹಳ ದಿನ ಯೋಚಿಸಿದ.

ಗಾಡಿಯಿಂದ ಚೀಲ ಉರುಳಿ ಕತ್ತಿಗಳು ಚೆಲ್ಲಿದವು. ಕಿಡಿಯ ಬಲಗೈ ಎಣ್ಣೆಯಲ್ಲಿ ತಡಕಾಡಿ ಒಂದನ್ನು ಹಿಡಿಯಿತು. ಎಲ್ಲಕ್ಕಿಂತ ಉದ್ದದ್ದು, ಅಕ್ಕನ ಸ್ವಂತ ಕತ್ತಿ. ಅವನು ಮೇಸ್ತ್ರಿಯ ಎದೆಯ ಮೇಲೆ ಮಂಡಿಯೂರಿ ಅಲಗನ್ನು ಗಂಟಲಿಗೆ ಇಟ್ಟ. ಗಂಟಲಿನ ಉಬ್ಬು ಅಲಗಿನಡಿ ಮೇಲಕ್ಕೂ ಕೆಳಕ್ಕೂ ಆಡಿತು. ಬಿಳಿ ಕೋಟು ಈಗ ಕಪ್ಪೂ ಕೆಂಪೂ ಆಗಿತ್ತು. ಕಿಡಿ ಒತ್ತಿದ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ, ಅವನು ನಿಜವಾಗಿಯೂ ಒತ್ತಿದ. ಕೊಲ್ಲಬೇಕೆಂದೇ ಒತ್ತಿದ. ಚರ್ಮ ಒಳಗೆ ಹೋಯಿತು, ಹರಿಯಲಿಲ್ಲ.

"ರೀ," ಎಂದಳು ಹೆಂಡತಿ. ದನಿ ಎತ್ತರಿಸಲಿಲ್ಲ. "ಅದು ಮೊಂಡು."

ಕಿಡಿಯ ಕೈ ನಿಂತಿತು.

"ಕುಯ್ಯೋದಾದ್ರೆ ಹರಿತ ಮಾಡ್ಕೊಂಡು ಕುಯ್ಯಿರಿ. ಮೊಂಡ್ರಲ್ಲಿ ಕುಯ್ದ್ರೆ ನಮ್ಮಪ್ಪನ ಹೆಸರು ಹೋಗತ್ತೆ."

ಕೊಲೆಗೆ ಅವಳ ಆಕ್ಷೇಪಣೆ ಇರಲಿಲ್ಲ, ಕಸುಬಿನ ಬಗ್ಗೆ ಇತ್ತು. ಮೊಂಡು ಕತ್ತಿಯಲ್ಲಿ ಗರಗಸದ ಹಾಗೆ ಎಳೆದರೆ ಊರೆಲ್ಲ ಏನನ್ನುತ್ತದೆ ಎಂಬುದು ಕಿಡಿಗೂ ಹೊಳೆಯಿತು. ಸಾಣೆಯವನು ಕೊಂದ, ಅದೂ ಮೊಂಡು ಕತ್ತಿಯಲ್ಲಿ. ಸತ್ತವನು ಅರ್ಧ ಗಂಟೆ ಒದ್ದಾಡಿದನಂತೆ. ಇದಕ್ಕಿಂತ ಅವಮಾನ ಇನ್ನೊಂದಿಲ್ಲ. ಹರಿತ ಮಾಡೋಣವೆಂದರೆ ಕಲ್ಲು ತಿರುಗಿಸುವ ಪುಲ್ಲಿಯನ್ನೇ ಈ ಬಡ್ಡಿಮಗ ಕತ್ತರಿಸಿದ್ದಾನೆ. ಅವನನ್ನು ಕೊಲ್ಲಬೇಕಾದ ಕಾರಣವೂ ಅದೇ, ಕೊಲ್ಲಲಾಗದ ಕಾರಣವೂ ಅದೇ. ಇಂಥ ಗಂಟನ್ನು ಬಿಡಿಸಲು ಕಿಡಿ ಒಂದು ಉಸಿರಿನಷ್ಟು ಹೊತ್ತು ತೆಗೆದುಕೊಂಡ. ಅಷ್ಟರಲ್ಲಿ ಮೇಸ್ತ್ರಿ ಕೆಳಗಿನಿಂದಲೇ ಸ್ಪ್ಯಾನರ್ ಎತ್ತಿ ಅವನ ಕಿವಿಯ ಮೇಲೆ ಹೊಡೆದ. ಕಿಡಿ ಬಿದ್ದ. ಮೇಸ್ತ್ರಿ ಎದ್ದು, ಮುರಿದ ಹೆಬ್ಬೆರಳಿನ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಸ್ಪ್ಯಾನರನ್ನು ತಲೆಯ ಮೇಲಕ್ಕೆ ಎತ್ತಿದ.

ಎತ್ತಿದ ಸ್ಪ್ಯಾನರ್ ಕೆಳಗೆ ಬರಲಿಲ್ಲ. ಅದಕ್ಕೆ ಹಿಂದಿನಿಂದ ಒಂದು ಕೊಕ್ಕೆ ಸಿಕ್ಕಿಕೊಂಡಿತ್ತು. ಕೊಕ್ಕೆಯ ಇನ್ನೊಂದು ತುದಿಯಲ್ಲಿ ಅಕ್ಕ ಇದ್ದಳು. ಕತ್ತಿಗಳು ಗ್ಯಾರೇಜಿನಲ್ಲಿವೆ ಎಂದು ಯಾರೋ ಹೇಳಿದ್ದರಿಂದ, ಹತ್ತಕ್ಕೆ ಮುಂಚೆಯೇ ಒಮ್ಮೆ ನೋಡಿಹೋಗಲು ಬಂದಿದ್ದಳು.

ಅಕ್ಕ ಇಬ್ಬರನ್ನೂ ಕುತ್ತಿಗೆ ಪಟ್ಟಿ ಹಿಡಿದು ಎತ್ತಿದಳು. ತೂಕ ನೋಡುವವಳ ಹಾಗೆ ಒಂದು ಕ್ಷಣ ಹಿಡಿದು, ಇಬ್ಬರ ತಲೆಯನ್ನೂ ಒಂದಕ್ಕೊಂದು ಕುಟ್ಟಿದಳು. ಇಬ್ಬರಿಗೂ ಅರ್ಥವಾದಂತೆ ಕಾಣದ ಕಾರಣ ಮತ್ತೊಮ್ಮೆ ಕುಟ್ಟಿದಳು. ಆಮೇಲೆ ನಡೆದದ್ದೇನೆಂದು ಕೇಳಿದಳು. ಹಲ್ಲಿಲ್ಲದ ಬಾಯಿಂದ ಕಿಡಿಯೂ, ಕಾಗದ ಇನ್ನೂ ಪೂರ್ತಿ ಇಳಿಯದ ಗಂಟಲಿನಿಂದ ಮೇಸ್ತ್ರಿಯೂ ಒಟ್ಟಿಗೆ ಹೇಳಲು ಹೋಗಿ, ಕೊನೆಗೆ ಹೆಂಡತಿಯೇ ಹೇಳಿದಳು. ನೋಡಿ ಮಾಡಿ ಎಂದದ್ದು, ನೋಡಿ ಮಾಡಿದ್ದು, ಗಡ್ಡೆ, ಎಲ್ಲ.

ಅಕ್ಕ ಗೋಡೆಯ ಗಡಿಯಾರ ನೋಡಿದಳು. ಒಂಬತ್ತೂ ಐದು.

"ನನಗೆ ಗಡ್ಡೆ ಗೊತ್ತಿಲ್ಲ, ಬಿಲ್ಲು ಗೊತ್ತಿಲ್ಲ," ಎಂದಳು. "ಹತ್ತಕ್ಕೆ ನಲವತ್ತೆರಡು ಕತ್ತಿ. ಇಲ್ಲಾಂದ್ರೆ ಸಾಲಿಗೆ ಮೆಷಿನ್ನು, ಕೊಕ್ಕೆಗೆ ನೀವಿಬ್ರು."

ಆಕೆ ಮಗುಚಿದ ಎಣ್ಣೆತೊಟ್ಟಿಯನ್ನೇ ಬೋರಲು ಹಾಕಿ ಅದರ ಮೇಲೆ ಕೂತಳು. ಕೊಕ್ಕೆಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ಬುದ್ಧಿ ಮೊದಲು ಓಡಿದ್ದು ಮೇಸ್ತ್ರಿಗೆ. ಅಷ್ಟು ಕಷ್ಟಪಟ್ಟು ಹಾಕಿದ ಹೊಸ ಟೈರನ್ನು ಅವನೇ ಒಂದೂವರೆ ಕೈಯಲ್ಲಿ ಕಿತ್ತು ಎಸೆದ. ಟೈರಿಲ್ಲದ ಬರಿಯ ರಿಮ್ಮು, ನಡುವೆ ತಗ್ಗು, ಎರಡೂ ಕಡೆ ಅಂಚು. ಅದೇ ಒಂದು ದೊಡ್ಡ ಪುಲ್ಲಿಯಲ್ಲವೇ. ತೊಗಲಿನ ಪಟ್ಟಿಯ ಗುಂಡಿ ಬಿಚ್ಚಿ ರಿಮ್ಮಿಗೆ ಸುತ್ತಿ, ಸಾಲದ್ದಕ್ಕೆ ಕೋಟಿನ ಬೆಲ್ಟನ್ನೂ ಸೇರಿಸಿ ಬಿಗಿದ. ಕಿಡಿಗೆ ಒಳಗೊಳಗೇ ಮೆಚ್ಚುಗೆಯಾಯಿತು, ಆದರೆ ಎಡಹೆಗಲು ಮೆಚ್ಚಲು ಬಿಡಲಿಲ್ಲ. ಅವನು ಒಂದೇ ಎಚ್ಚರಿಕೆ ಹೇಳಿದ. ಪುಲ್ಲಿ ತಟ್ಟೆಯಷ್ಟಿತ್ತು, ಈ ರಿಮ್ಮು ಅದರ ಮೂರರಷ್ಟಿದೆ, ಕಲ್ಲು ಮೂರರಷ್ಟು ಜೋರಾಗಿ ತಿರುಗುತ್ತದೆ. ಮೊದಲನೇ ಗೇರು, ಆಕ್ಸಿಲೇಟರಿಗೆ ಕೈ ಹಚ್ಚಬಾರದು. ಕಲ್ಲು ಮುದುಕ, ಓಡಿಸಿದರೆ ಸಿಡಿಯುತ್ತದೆ.

ಶುರುವಾಯಿತು. ಕಿಡಿಯ ಎಡಗೈ ಜೋತಿದ್ದರಿಂದ ಹೆಂಡತಿ ಅವನ ಎಡಗೈಯಾದಳು. ಅಲಗಿನ ತುದಿ ಅವಳು, ಹಿಡಿ ಅವನು. ಹರಿದ ಹುಬ್ಬಿನ ರಕ್ತ ಕಣ್ಣಿಗಿಳಿದಾಗ ಸೆರಗಿನಿಂದ ಒರೆಸಿದಳು, ಒರೆಸುವಾಗಲೂ ಕತ್ತಿ ಬಿಡಲಿಲ್ಲ. ಕಲ್ಲಿನಿಂದ ಹಾರಿದ ಅಂಥ ಕಿಡಿಗಳನ್ನು ಆ ಬೀದಿ ಅದಕ್ಕೆ ಮುಂಚೆ ನೋಡಿರಲಿಲ್ಲ. ಆ ಬೆಂಕಿಯ ಬಾಲ ಗ್ಯಾರೇಜಿನ ಬಾಗಿಲು ದಾಟಿ ಎದುರು ಮನೆಯ ಒಗೆದ ಬಟ್ಟೆಯನ್ನು ಒಣಗಿಸಿ, ಇಸ್ತ್ರಿಯನ್ನೂ ಮಾಡಿತಂತೆ. ನೆಲದ ಎಣ್ಣೆ ಹೊತ್ತಿಕೊಳ್ಳದ ಹಾಗೆ ಮೇಸ್ತ್ರಿ ಒಂದು ಕಾಲಿನಲ್ಲಿ ಮರಳು ಎಳೆಯುತ್ತಾ, ಇನ್ನೊಂದು ಕಾಲಿನಿಂದ ಬಿದ್ದ ಕಿಡಿಗಳನ್ನು ತುಳಿಯುತ್ತಾ ಕುಣಿದ. ಹತ್ತು ಕತ್ತಿ, ಇಪ್ಪತ್ತು, ಮೂವತ್ತು. ಮುಗಿದ ಒಂದೊಂದನ್ನೂ ಅಕ್ಕ ತನ್ನ ತೋಳಿನ ಕೂದಲ ಮೇಲೆ ಎಳೆದು ನೋಡಿ ಪಕ್ಕಕ್ಕಿಟ್ಟಳು. ನಲವತ್ತೊಂದು ಮುಗಿದಾಗ ಗಂಟೆ ಹತ್ತಕ್ಕೆ ನಾಲ್ಕು ನಿಮಿಷ, ಅಕ್ಕನ ಎಡತೋಳು ಬೋಳು.

ಉಳಿದದ್ದು ಅವಳ ಸ್ವಂತದ ಉದ್ದ ಕತ್ತಿ, ಮೇಸ್ತ್ರಿಯ ಗಂಟಲು ಕಂಡು ಬಂದದ್ದು. ಕಿಡಿ ಅದನ್ನು ಕಲ್ಲಿಗೆ ತಾಕಿಸುವ ಮೊದಲು ಕತ್ತಿಯ ಉದ್ದ ನೋಡಿ ಉಸಿರು ತೆಗೆದುಕೊಂಡ.

ಮೇಸ್ತ್ರಿಗೆ ಇಷ್ಟು ಹೊತ್ತು ಒಂದು ವಿಷಯ ಒಳಗೆ ಕೊರೆಯುತ್ತಿತ್ತು. ನಲವತ್ತೊಂದು ಕತ್ತಿ ಮಸೆಯುವವರೆಗೆ ಇಂಜಿನ್ನು ಒಂದು ಸಲವೂ ಕೆಮ್ಮಿರಲಿಲ್ಲ, ಬಿಸಿಯಾಗಿರಲಿಲ್ಲ, ಟಕ್ ಎಂದಿರಲಿಲ್ಲ. ಇದನ್ನು ಯಾರೂ ಗಮನಿಸಿರಲಿಲ್ಲ. ಹತ್ತೊಂಬತ್ತು ಸಾಲಿನ ಕೆಲಸಕ್ಕೆ ಸಿಕ್ಕಿದ್ದು ಮುರಿದ ಹೆಬ್ಬೆರಳು. ಅವನು ಹ್ಯಾಂಡಲಿನ ಹತ್ತಿರ ಬಂದ.

"ನೋಡಿ," ಎಂದ. "ನನ್ನ ಕೆಲಸ ಹೆಂಗಿದೆ ನೋಡಿ."

ನೋಡಿ ಎಂದವನು ಮಾಡಿಯೂ ಬಿಟ್ಟ. ಆಕ್ಸಿಲೇಟರನ್ನು ಒಂದೇ ಒಂದು ಸಲ ತಿರುವಿದ.

ಇಂಜಿನ್ನು ಬಿಲ್ಲಿಗೆ ತಕ್ಕ ಹಾಗೆ ಗರ್ಜಿಸಿತು. ಮಾವನ ಕಲ್ಲು, ಹದಿನಾರು ವರ್ಷ ಅಳಿಯನಿಗೂ ಅದಕ್ಕೆ ಮುಂಚೆ ಇಪ್ಪತ್ತು ವರ್ಷ ಮಾವನಿಗೂ ದುಡಿದ ಕಲ್ಲು, ಬಾಂಬಿನ ಹಾಗೆ ಸಿಡಿಯಿತು. ಒಂದು ಚೂರು ಗ್ಯಾರೇಜಿನ ಬೋರ್ಡನ್ನು ತೂರಿ ಹೋಯಿತು. ಇನ್ನೊಂದು ಅಕ್ಕ ಕೂತಿದ್ದ ತೊಟ್ಟಿಯನ್ನು ಅವಳ ಕೆಳಗಿನಿಂದಲೇ ಹಾರಿಸಿತು, ಅಕ್ಕ ಮಾತ್ರ ಕೂತ ಭಂಗಿಯಲ್ಲೇ ಉಳಿದಳು. ಮೂರನೆಯದು ಕಿಡಿಯ ಬಲಗೈ ಕಿರುಬೆರಳಿನ ತುದಿಯನ್ನು ತೆಗೆದುಕೊಂಡು, ದಾರಿಯಲ್ಲಿ ಮೇಸ್ತ್ರಿಯ ಎಡಗಿವಿಯ ಮೇಲರ್ಧವನ್ನೂ ಸೇರಿಸಿಕೊಂಡು, ಎರಡನ್ನೂ ಗುಜರಿ ಡಬ್ಬಿಯಲ್ಲಿ ಅರ್ಧ ಪುಲ್ಲಿಯ ಪಕ್ಕದಲ್ಲಿ ಮಲಗಿಸಿತು.

ಇಂಜಿನ್ನು ಇನ್ನೂ ಓಡುತ್ತಲೇ ಇತ್ತು, ಸದ್ದೇ ಇಲ್ಲದ ಹಾಗೆ ನಯವಾಗಿ. ಹೆಂಡತಿ ಹೋಗಿ ಕೀಲಿ ತಿರುಗಿಸಿ ನಿಲ್ಲಿಸಿದಳು. ಕಲ್ಲಿನ ಚೂರುಗಳನ್ನು ಒಂದೊಂದಾಗಿ ಆಯ್ದು ಸೆರಗಿಗೆ ಹಾಕಿಕೊಂಡಳು. ಅವಳು ಅತ್ತದ್ದು ಆಗ ಮಾತ್ರ. ಅಳುತ್ತಲೇ ಸೆರಗಿನ ತುದಿ ಹರಿದು ಗಂಡನ ಬೆರಳಿಗೆ ಕಟ್ಟಿದಳು, ಉಳಿದದ್ದನ್ನು ಮೇಸ್ತ್ರಿಯ ಕಿವಿಗೆ ಎಸೆದಳು. ಅವನು ಒಳ್ಳೆಯ ಕಿವಿಯಲ್ಲೂ ಏನೂ ಕೇಳಿಸದೆ, ಕ್ಷಮಿಸಿ ತಂಗಿ, ಕ್ಷಮಿಸಿ ತಂಗಿ ಎಂದು ಕೂಗಿ ಕೂಗಿ ಹೇಳುತ್ತಿದ್ದ.

ಅಕ್ಕ ನಲವತ್ತೊಂದು ಕತ್ತಿಯ ಕೂಲಿ ತಳ್ಳುಗಾಡಿಯ ಮೇಲಿಟ್ಟಳು. ಬಿಲ್ಲು ಎಲ್ಲಿ ಎಂದಳು. ಮೇಸ್ತ್ರಿ ಹೊಟ್ಟೆ ತೋರಿಸಿದ. ಹಾಗಾದರೆ ಬಿಲ್ಲು ಮುಟ್ಟಿದೆ, ಎಂದು ತೀರ್ಪು ಕೊಟ್ಟಳು. ಹೊಸ ಕಲ್ಲು ತಂದು ಗಾಲಿಗೆ ಗಡ್ಡೆಯನ್ನು ವಾಪಸ್ಸು ಬೆಳೆಸುವುದು ಮೇಸ್ತ್ರಿಯ ಪಾಲು, ಅದಕ್ಕೆ ಬಿಲ್ಲು ಇಲ್ಲ. ಬೆರಳಿಗೆ ಕಿವಿ ವಜಾ. ಸಾಲಿನ ಕತ್ತಿಗಳು ಮುಂದಿನ ವಾರವೂ ಕಿಡಿಗೇ. ಮೆಷಿನ್ನಿನವನಿಗೆ ಕುಡಿದ ಚಹಾದ ಲೆಕ್ಕ ಕೊಡುತ್ತೇನೆ ಎಂದಳು.

ಕಿಡಿ ನೆಲದಿಂದ ಉದ್ದ ಕತ್ತಿಯನ್ನು ಎತ್ತಿಕೊಂಡ. ನಲವತ್ತೆರಡನೆಯದು ಬಾಕಿ ಇದೆ, ಕಲ್ಲು ಬಂದ ತಕ್ಷಣ ಮೊದಲು ಇದನ್ನೇ ಮಾಡಿಕೊಡುತ್ತೇನೆ ಎಂದ. ಅಕ್ಕ ಅದನ್ನು ಅವನ ಕೈಯಿಂದ ತೆಗೆದುಕೊಂಡು ಹೆಬ್ಬೆರಳಿನಿಂದ ಅಲಗು ಸವರಿ ನೋಡಿದಳು.

"ಬೇಡ," ಎಂದಳು. "ಇದು ಹೀಗೇ ಇರ್ಲಿ. ಹರಿತದ್ದು ಕುರಿಗೆ. ಮೊಂಡು ನಿಮ್ಮಿಬ್ರಿಗೆ."

ಬಿಲ್ಲು ಬರೆಯುವ ಮೇಜಿನ ಮೇಲೆ, ಮೇಸ್ತ್ರಿ ಕೂತರೆ ನೇರ ನೆತ್ತಿಯ ಮೇಲೆ ಬರುವ ಹಾಗೆ, ಒಂದು ಮೊಳೆಗೆ ಅದನ್ನು ನೇತುಹಾಕಿ, ಚೀಲ ಹೆಗಲಿಗೇರಿಸಿ ಹೊರಟಳು. ಕುರಿಯ ಲಾರಿಗಳು ಆಗಲೇ ಬೀದಿಯ ತಿರುವಿನಲ್ಲಿ ಹಾರನ್ ಹೊಡೆಯುತ್ತಿದ್ದವು.

ಕತ್ತಿ ಇವತ್ತಿಗೂ ಅಲ್ಲೇ ಇದೆ. ಗಾಡಿ ತಂದವರು ಬಾಗಿಲು ದಾಟುವಾಗ ಬಾಯಿ ಅಭ್ಯಾಸಕ್ಕೆ ನೋಡಿ ಮಾಡಿ ಅಂದರೆ ಮೇಸ್ತ್ರಿಯ ಕೈ ತಾನಾಗಿ ಅರ್ಧ ಕಿವಿಗೆ ಹೋಗುತ್ತದೆ. ಒಂದು ಕಾಗದ ಎಳೆದುಕೊಂಡು, ಏನನ್ನು ನೋಡಬೇಕು, ಏನನ್ನು ನೋಡಬಾರದು, ಮೊದಲು ಬರೆದುಕೊಡಿ ಎನ್ನುತ್ತಾನೆ. ಆ ಕಾಗದ ಮೊಳದುದ್ದ ಆಗದ ಹಾಗೆ ಮಾತ್ರ ಬಹಳ ಎಚ್ಚರ ವಹಿಸುತ್ತಾನೆ. ನುಂಗಬೇಕಾಗಿ ಬಂದರೆ ಎಷ್ಟುದ್ದದ್ದು ಗಂಟಲಲ್ಲಿ ಇಳಿಯುತ್ತದೆ ಎಂಬುದು ಅವನಿಗೆ ಗೊತ್ತು.